ಬಚ್ಚಲುಮನೆಯ ಮಟ್ಟಕ್ಕೆ ಬಂದ ಸಮುದಾಯ ಭವನ

ನಮ್ಮ ಚಿಕ್ಕಪ್ಪ ಮಹಾಲಿಂಗಯ್ಯನವರು ಒಮ್ಮೆ ಬೆಂಗಳೂರಿನಲ್ಲಿ ತಪ್ಪು ಬಾಗಿಲಿನಿಂದ ಒಳಗೆ ಹೋದರು. ಹೋಗಬೇಕಾಗಿದ್ದದ್ದು ಮದುವೆಯ ಛತ್ರಕ್ಕೆ. ಹೋಗಿ ಕೂತದ್ದು ಪಕ್ಕದ ಸಂಗೀತ ಸಭಾಂಗಣದಲ್ಲಿ. ಉಡುಗೊರೆಯ ಸ್ಟೀಲ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಗಂಡು ಹೆಣ್ಣು ಯಾವಾಗ ವೇದಿಕೆಗೆ ಬರುತ್ತಾರೆಂದು ಕಾಯುತ್ತ, ಒಂದು ಇಡೀ ಪಿಟೀಲು ಕಛೇರಿಯನ್ನು ಕೇಳಿ ಮುಗಿಸಿದರು. ಎದ್ದು ಬರುವಾಗ ಊಟದ ಹಾಲ್ ಎಲ್ಲಿ ಎಂದು ವಿಚಾರಿಸಿದರಂತೆ. ಊಟ ಸಿಗಲಿಲ್ಲ. ಆದರೆ ಬರಿಗೈಯಲ್ಲಿ ಬರುವ ಜಾಯಮಾನ ಅವರದಲ್ಲವಾದ್ದರಿಂದ ತಮ್ಮೂರು ಗುಬ್ಬಿಗೆ ಒಂದು ವಿಚಾರವನ್ನು ಹೊತ್ತು ತಂದರು.

“ಆ ಹಾಲ್‌ನಲ್ಲಿ ಒಂದು ಚಪ್ಪಾಳೆ ಹೊಡೆದ್ರೆ ಒಂದೇ ಚಪ್ಪಾಳೆ ಕೇಳುತ್ತೆ ಕಣ್ರೀ. ಎರಡನೇದು ಬರೋದೇ ಇಲ್ಲ!”

ಇದು ತೊಂಬತ್ತಾರನೇ ಇಸವಿಯ ಮಾತು. ನಾನಾಗ ಕಡಬದ ನಮ್ಮ ಮನೆ ಬಿಟ್ಟು, ಗುಬ್ಬಿಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನ ಜೊತೆಗಿದ್ದು, ದಿನಾ ರೈಲಿನಲ್ಲಿ ತುಮಕೂರಿಗೆ ಬಿ.ಎ. ಓದಲು ಹೋಗುತ್ತಿದ್ದೆ. ಚಿಕ್ಕಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಕಾಗದ ಬರೆಯುವವರು ಆಗ ಇನ್ನೂ ಇದ್ದರು. ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುತ್ತಿತ್ತು, ಸಾಲಿನಲ್ಲಿ ನಿಂತವರು ತಮ್ಮ ಕಾಗದಕ್ಕೆ ಮುದ್ರೆ ಬೀಳುವ ತನಕ ಚಿಕ್ಕಪ್ಪ ಹೇಳಿದ್ದನ್ನೆಲ್ಲ ಕೇಳಲೇಬೇಕಿತ್ತು. ಹಾಗಾಗಿ ಆ ಒಂಟಿ ಚಪ್ಪಾಳೆಯ ಸುದ್ದಿ ವಾರ ಕಳೆಯುವುದರೊಳಗೆ ಊರಿಗೆಲ್ಲ ಬಟವಾಡೆಯಾಯಿತು.

ಅದೇ ಹೊತ್ತಿಗೆ ಪೇಟೆಯ ಹೊಸ ಸಮುದಾಯ ಭವನ ಕಟ್ಟಿ ಮುಗಿದಿತ್ತು. ಉದ್ಘಾಟನೆಗೆ ಮಂತ್ರಿಗಳ ದಿನಾಂಕ ಸಿಕ್ಕಿರಲಿಲ್ಲ. ಅಲ್ಲಿಯ ತನಕ ಸುಮ್ಮನಿರಲಾರದೆ ಅದರಲ್ಲಿ ಮದುವೆಗಳು ನಡೆಯತೊಡಗಿದ್ದವು. ಭವನ ಸಮಿತಿಯ ಅಧ್ಯಕ್ಷರು ಚಿಕ್ಕಬೋರಯ್ಯನವರು. ಪ್ರಾಯದಲ್ಲಿ ನಾಟಕಗಳಲ್ಲಿ ರಾಜನ ಪಾತ್ರ ಮಾಡಿದವರು. ಕಿರೀಟ ಕಳಚಿ ಎಷ್ಟೋ ಕಾಲವಾಗಿದ್ದರೂ ದನಿ ಮಾತ್ರ ಸಿಂಹಾಸನದಿಂದ ಇಳಿದಿರಲಿಲ್ಲ. ಮೈಕ್ ಪರೀಕ್ಷೆ ಮಾಡಲೆಂದು ಅವರು ವೇದಿಕೆ ಹತ್ತಿ, “ಯಾರಲ್ಲಿ!” ಎಂದು ಗರ್ಜಿಸಿದರು. ಎದುರಿನ ಗೋಡೆ “ಯಾರಲ್ಲಿ” ಅಂತು. ಪಕ್ಕದ ಗೋಡೆಗಳೂ ಅಂದವು. ಸೂರೂ ಬಿಡಲಿಲ್ಲ. ರಾಜ ಕರೆದದ್ದು ಒಬ್ಬ ಸೇವಕನನ್ನು. ಬಂದವರು ನಾಲ್ಕು ಮಂದಿ ರಾಜರು.

“ಏನ್ರೀ ಇದು? ನನ್ ಮಾತು ನಂಗೇ ಅರ್ಥ ಆಗ್ತಿಲ್ಲ,” ಎಂದರು ಚಿಕ್ಕಬೋರಯ್ಯನವರು.

ಭವನ ಕಟ್ಟಿಸಿದ ಎಂಜಿನಿಯರು ಕುಣಿಗಲ್ಲಿನ ಶಿವರಾಮಯ್ಯನವರು. ಅವರಿಗೆ ಸಿಟ್ಟು ಬಂತು. “ಗೋಡೆ ಬಿರುಕು ಬಿಟ್ಟಿದ್ಯಾ? ಸೂರು ಸೋರತ್ತಾ? ಮತ್ತೇನ್ರೀ ನಿಮ್ ಕಂಪ್ಲೇಂಟು? ಗೋಡೆ ಗಟ್ಟಿ ಇದ್ರೇನೇ ಸ್ವಾಮಿ ಶಬ್ದ ವಾಪಸ್ ಬರೋದು. ಕಳಪೆ ಕಾಮಗಾರಿ ಆಗಿದ್ರೆ ನಿಮ್ ಮಾತು ಗೋಡೆ ಒಳಗೇ ಇಳಿದು ಹೋಗಿರೋದು!”

ಆಗ ಯಾರೋ ಅಂಚೆ ಕಚೇರಿಯ ಚಪ್ಪಾಳೆಯನ್ನು ನೆನಪಿಸಿದರು. ಚಿಕ್ಕಪ್ಪನಿಗೆ ಕರೆ ಹೋಯಿತು. ಅವರು ಬಂದು, ಹಾಲ್‌ನ ನಡುವೆ ನಿಂತು, ಕಣ್ಣು ಮುಚ್ಚಿ, ಒಂದು ಚಪ್ಪಾಳೆ ಹೊಡೆದು, ಬಹಳ ಹೊತ್ತು ತಲೆಯಾಡಿಸಿದರು. ಅಷ್ಟು ಹೊತ್ತು ತಲೆಯಾಡಿಸಿದವರನ್ನು ತಜ್ಞರಲ್ಲವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಅಂದಿನಿಂದ ಅವರು, ಭವನವನ್ನು ಬೆಂಗಳೂರಿನ ಮಟ್ಟಕ್ಕೆ ತರುತ್ತೇನೆಂದು ಒಪ್ಪಿಕೊಂಡ ಸೌಂಡ್ ಉಸ್ತುವಾರಿ.

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಉದ್ಘಾಟನೆಗೆ ಪ್ರಾರ್ಥನೆ ಹಾಡುವವರು ಯಾರೆಂಬ ಮಾತು ಬಂತು. ಬಂದ ಗೌರವದ ಭಾರಕ್ಕೆ ಚಿಕ್ಕಪ್ಪನ ನಾಲಿಗೆ ಜಾರಿತು. “ಬೇರೆ ಯಾರ್ ಯಾಕೆ? ನಮ್ಮನೇವ್ರೇ ಹಾಡ್ತಾರೆ.”

ಮನೆಯವರಿಗೆ, ಅಂದರೆ ನನ್ನ ಚಿಕ್ಕಮ್ಮ ಸರ್ವಮಂಗಳಮ್ಮನವರಿಗೆ, ಈ ಸಂಗತಿ ಗೊತ್ತಾದದ್ದು ಮಾರನೆಯ ದಿನ, ಭಜನೆ ತಂಡದ ಬಸವಲಿಂಗಮ್ಮನವರ ಬಾಯಿಂದ.

“ಭೇಷ್ ಕಣೇ ಮಂಗಳ! ಮಂತ್ರಿ ಮುಂದೆ ಹಾಡ್ತೀಯಂತೆ. ನಮ್ ಭಜನೆಗೆ ಕರೆದ್ರೆ ಗಂಟ್ಲು ನೋವು ಅಂತಿದ್ದೆ!”

ಚಿಕ್ಕಮ್ಮ ರೊಟ್ಟಿ ತಟ್ಟುತ್ತಿದ್ದರು. ರೊಟ್ಟಿ ಹಂಚಿನ ಮೇಲೆಯೇ ಕರಕಲಾಯಿತು. ಅವರು ಹಾಡುತ್ತಿದ್ದದ್ದು ನಿಜ. ಚೆನ್ನಾಗಿ ಹಾಡುತ್ತಿದ್ದದ್ದೂ ನಿಜ. ಆದರೆ ಹಾಡುತ್ತಿದ್ದದ್ದು ಬಚ್ಚಲುಮನೆಯಲ್ಲಿ, ಅಗುಳಿ ಹಾಕಿಕೊಂಡು, ಹಂಡೆಯ ನೀರು ಕಾದ ಮೇಲೆ. ಹೊರಗೆ ಯಾರದ್ದಾದರೂ ಹೆಜ್ಜೆ ಸಪ್ಪಳವಾದರೆ ಸಾಕು, ಹಾಡು ನಿಂತು ಚೊಂಬು ಉಜ್ಜುವ ಶಬ್ದ ಶುರುವಾಗುತ್ತಿತ್ತು.

ಸಂಜೆ ಚಿಕ್ಕಪ್ಪ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ನಡೆಯಿತು. “ಯಾರನ್ ಕೇಳಿ ಒಪ್ಕೊಂಡ್ರಿ?”

“ಇಷ್ಟ್ ಚೆನ್ನಾಗ್ ಹಾಡ್ತೀಯ ಮಂಗಳ, ಊರಿಗೆ ಗೊತ್ತಾಗ್ಬಾರ್ದಾ?”

“ನನ್ ದನಿ ಚೆನ್ನಾಗಿಲ್ಲ ಕಣ್ರೀ, ನಮ್ ಬಚ್ಚಲು ಚೆನ್ನಾಗಿರೋದು. ಆ ಹಾಲ್‌ನಲ್ಲೂ ಬಚ್ಚಲಲ್ಲಿ ಕೇಳ್ದಂಗೇ ಕೇಳಿದ್ರೆ ಹಾಡ್ತೀನಿ. ಇಲ್ದಿದ್ರೆ ಕುಣಿಗಲ್ ಬಸ್ ಹತ್ತಿ ತವರಿಗೆ ಹೋಗ್ತೀನಿ. ಮಂತ್ರಿ ಮುಂದೆ ನೀವೇ ಹಾಡ್ಕೊಳಿ.”

ಚಿಕ್ಕಪ್ಪ ಹಾಡಿದರೆ ಏನಾಗುತ್ತದೆಂದು ನಮ್ಮ ಬೀದಿಗೆ ಗೊತ್ತಿತ್ತು. ಒಮ್ಮೆ ಶಿವರಾತ್ರಿಯಲ್ಲಿ ಹಾಡಿದ್ದರು. ಹೀಗೆ ಅವರ ಮಾನ, ಮರ್ಯಾದೆ, ಚಿಕ್ಕಮ್ಮನ ಕೈಯ ಊಟ, ಮೂರೂ ಆ ಭವನದ ಗೋಡೆಗಳಿಗೆ ಅಂಟಿಕೊಂಡವು. ಹೆಂಡತಿಯ ಷರತ್ತನ್ನು ಸಮಿತಿಗೆ ಹೇಳುವಂತಿರಲಿಲ್ಲ. ಬೆಂಗಳೂರಿನ ಮಟ್ಟಕ್ಕೆ ತರುತ್ತೇನೆಂದು ಒಪ್ಪಿಕೊಂಡವರು ಬಚ್ಚಲಿನ ಮಟ್ಟಕ್ಕೆ ತರುತ್ತೇನೆಂದು ಹೇಗೆ ಹೇಳಿಯಾರು?

ಅವರು ಶಾಸ್ತ್ರೋಕ್ತವಾಗಿಯೇ ಶುರುಮಾಡಿದರು. “ಊರಿನ ಕಿವಿ ಎಂಥದೋ ಹಾಲೂ ಅಂಥದೇ ಇರ್ಬೇಕು ಕಣೇ ಪಲ್ಲವಿ,” ಎಂದು ನನಗೆ ವಿವರಿಸಿ, ಅಂಚೆ ಕಚೇರಿಯ ಕಿಟಕಿಯಲ್ಲಿ ಬಂದವರನ್ನೆಲ್ಲ ಅವರಿಗೆ ಯಾವ ಹಾಡು ಹೇಗೆ ಕೇಳಿದರೆ ಇಷ್ಟವೆಂದು ವಿಚಾರಿಸತೊಡಗಿದರು. ಇನ್‌ಲ್ಯಾಂಡ್ ಲೆಟರ್ ಕೊಳ್ಳಲು ಬಂದವರು ಕಕ್ಕಾಬಿಕ್ಕಿಯಾದರು. ಒಬ್ಬಾಕೆ, “ನಂಗೆ ಹಿಟ್ಟಿನ ಗಿರಣಿ ಸದ್ದು ಇಷ್ಟ ಕಣಪ್ಪ, ಅದ್ರಾಗೆ ನಮ್ಮತ್ತೆ ಮಾತು ಕೇಳ್ಸಾಕಿಲ್ಲ” ಎಂದು ಹೇಳಿ ಹೋದಳು. ಚಿಕ್ಕಬೋರಯ್ಯನವರಿಗೆ ಒಂದೊಂದು ಮಾತೂ ಕೊನೆಯ ಸಾಲಿಗೆ ಬಿಡಿಬಿಡಿಯಾಗಿ ತಲುಪಬೇಕು. ಬಸವಲಿಂಗಮ್ಮನವರಿಗೆ ಭಜನೆಯೆಂದರೆ ಕಲ್ಲು ಮಂಟಪದಲ್ಲಿ ಹಾಡಿದಂತೆ ಮುಗಿದ ಮೇಲೂ ಗುಂಯ್ ಎನ್ನುತ್ತಿರಬೇಕು. ಹಾಸಿಗೆ ಅಂಗಡಿಯ ನಯಾಜ್ ಅಹಮದ್ ಖವ್ವಾಲಿಪ್ರಿಯರು. “ಸಾರ್, ಖವ್ವಾಲೀಲಿ ಹಾಡು ಅರ್ಧ, ಚಪ್ಪಾಳೆ ಅರ್ಧ. ಚಪ್ಪಾಳೆ ಹೊಡೆದ್ರೆ ಪಟಾಕಿ ಹಾರ್ದಂಗೆ ಇರ್ಬೇಕು. ಒಂಟಿ ಚಪ್ಪಾಳೆ ನಮಗ್ ಬೇಡ,” ಎಂದರು.

ಆದರೂ ಮೊದಲ ಪ್ರಯೋಗಕ್ಕೆ ಸಾಮಗ್ರಿ ಕೊಟ್ಟವರು ಅವರೇ. ಅವರ ಅಂಗಡಿಯ ಹತ್ತಿಯ ಹಾಸಿಗೆಗಳನ್ನೆಲ್ಲ ತೆಂಗಿನ ನಾರಿನ ಹಗ್ಗದಲ್ಲಿ ಭವನದ ಕಿಟಕಿ ಸರಳುಗಳಿಗೆ ಕಟ್ಟಿ ಗೋಡೆಯುದ್ದಕ್ಕೂ ನೇತುಹಾಕಲಾಯಿತು. ಚಿಕ್ಕಬೋರಯ್ಯನವರು “ಯಾರಲ್ಲಿ” ಎಂದರೆ ಒಂದೇ “ಯಾರಲ್ಲಿ”. ಅವರ ಕಣ್ಣಲ್ಲಿ ನೀರು ಬಂತು. ಆದರೆ ಬಸವಲಿಂಗಮ್ಮನವರು ಒಂದು ಸಾಲು ಹಾಡಿ, “ಇದೇನು, ಕಂಬಳಿ ಹೊದ್ಕೊಂಡ್ ಹಾಡ್ದಂಗಿದೆ” ಎಂದು ತಾಳ ಎತ್ತಿಕೊಂಡು ಹೊರಟರು. ನಯಾಜ್ ಚಪ್ಪಾಳೆ ಹೊಡೆದು, ತಮ್ಮ ಸರಕನ್ನೇ ಬೇಸರದಿಂದ ನೋಡಿ, “ಹಾಡು ನಮ್ ಹಾಸಿಗೆ ಮೇಲೆ ಮಲಗೇ ಬಿಡ್ತು ಸಾರ್” ಎಂದರು.

ಆ ವಾರ ಭವನದಲ್ಲಿ ಒಂದು ಮದುವೆ ಇತ್ತು. ತುಮಕೂರಿನಿಂದ ಬಂದ ಗಂಡಿನ ಕಡೆಯವರು ಗೋಡೆಯ ತುಂಬ ನೇತಾಡುವ ಹಾಸಿಗೆಗಳನ್ನು ನೋಡಿ, ಬೇಕಾದವರು ಬೇಕಾದ್ದನ್ನು ಇಳಿಸಿಕೊಳ್ಳಲೆಂದೇ ಈ ಏರ್ಪಾಡು ಎಂದು ತಿಳಿದು, ಎಲ್ಲವನ್ನೂ ಬಿಚ್ಚಿ ಹಾಸಿಕೊಂಡು ಗಡದ್ದಾಗಿ ಮಲಗಿದರು. ಗುಬ್ಬಿಯವರ ಅತಿಥಿ ಸತ್ಕಾರ ತುಮಕೂರಿನಲ್ಲೆಲ್ಲ ಹೆಸರಾಯಿತು. ಚಿಕ್ಕಪ್ಪನ ಪ್ರಯೋಗ ನೆಲಕಚ್ಚಿತು.

ಅವರು ನಿದ್ದೆ ಬಿಟ್ಟರು. ಗುರಿಯಾದ ಬಚ್ಚಲನ್ನು ಮೊದಲು ಸರಿಯಾಗಿ ತಿಳಿಯಬೇಕೆಂದು, ಒಂದು ಭಾನುವಾರ ಬೆಳಿಗ್ಗೆ ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡು ಚಪ್ಪಾಳೆ ಹೊಡೆಯತೊಡಗಿದರು. ಹಂಡೆಯ ಹತ್ತಿರ ಒಂದು. ಒಲೆಯ ಹತ್ತಿರ ಒಂದು. ಬಗ್ಗಿ ಒಂದು. ನಡುವೆ ಭೇಷ್ ಎಂದೂ ಅಂದುಕೊಳ್ಳುತ್ತಿದ್ದರು.

ಪಕ್ಕದ ಮನೆಯ ಪುಟ್ಟತಾಯಮ್ಮ ಕಾಂಪೌಂಡಿನ ಮೇಲಿಂದ ಕತ್ತು ಹಾಕಿದಳು. “ಮಾಲಿಂಗಣ್ಣೋ! ಒಳಗೆ ಯಾರು ಸ್ನಾನ ಮಾಡ್ತಾವ್ರೆ? ನೀನು ಯಾರಿಗ್ ಚಪ್ಪಾಳೆ ಹೊಡೀತಿದೀಯ?”

“ಒಳಗೆ ನಾನೇ ಇರೋದು ಕಣಮ್ಮ!”

“ಅಯ್ಯೋ ಶಿವನೇ! ತನಗ್ ತಾನೇ ಚಪ್ಪಾಳೆ ಹೊಡ್ಕೊಳೋ ಹಂಗಾಯ್ತಾ?”

ಗಾಬರಿಯಾದ ಚಿಕ್ಕಪ್ಪ ನಿಜವನ್ನು ಹೇಳಿಬಿಟ್ಟರು. “ಹಂಗಲ್ಲ ತಾಯಿ. ನಮ್ ಭವನಾನ ಈ ಬಚ್ಚಲಿಗೆ ಹೋಲಿಸಿ ನೋಡ್ತಿದೀನಿ.”

ಪುಟ್ಟತಾಯಮ್ಮ ಇದನ್ನು ಹೇಳಿದ್ದು ಹಾಲಿನವನಿಗೆ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅದು, ಮಹಾಲಿಂಗಯ್ಯ ಸಮುದಾಯ ಭವನವನ್ನು ಬಚ್ಚಲುಮನೆ ಅಂದರಂತೆ ಎಂಬ ರೂಪದಲ್ಲಿ ಎಂಜಿನಿಯರ್ ಶಿವರಾಮಯ್ಯನವರನ್ನು ತಲುಪಿತು.

ಸಂಜೆ ನಮ್ಮ ಮನೆಯ ಮುಂದೆ ಜೀಪು ನಿಂತಿತು. ಶಿವರಾಮಯ್ಯನವರ ಹಿಂದೆ ಚಿಕ್ಕಬೋರಯ್ಯನವರು, ಅವರ ಹಿಂದೆ ಬಸವಲಿಂಗಮ್ಮ, ನಯಾಜ್. ಜಗಳವೇ ಆಗುತ್ತದೆಂದು ನನಗೆ ಒಂದು ಕಡೆ ಭಯ. ಎಲ್ಲರಿಗೂ ಕೂರಲು ಮಣೆ ಸಾಲದೆಂದು ಇನ್ನೊಂದು ಕಡೆ ಭಯ.

“ಎಲ್ರೀ ಆ ಬಚ್ಚಲು?” ಶಿವರಾಮಯ್ಯನವರು ಬಾಗಿಲಲ್ಲೇ ಕೇಳಿದರು. “ನಾನ್ ಕಟ್ಟಿಸಿದ ಬಿಲ್ಡಿಂಗ್‌ಗೆ ಹೋಲಿಸೋ ಅಂಥದ್ದು ಏನಿದೆ ಅದ್ರಲ್ಲಿ, ಇನ್‌ಸ್ಪೆಕ್ಷನ್ ಮಾಡ್ಲೇಬೇಕು.”

“ಸಾರ್, ಅದು ನಮ್ ಹೆಂಗಸ್ರು ಹಾಡೋ ಜಾಗ...”

“ಯಾರ್ರೀ ಹೆಂಗಸ್ರು?”

ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ಕಂಡರು. “ನಾನಣ್ಣ. ಕುಣಿಗಲ್ ಕಡೆಯವ್ಳು.”

ಶಿವರಾಮಯ್ಯನವರ ಮುಖ ಕ್ಷಣದಲ್ಲಿ ಸಡಿಲವಾಯಿತು. “ಕುಣಿಗಲ್ಲಾ? ನಮ್ಮೂರ ಹೆಣ್ಮಗಳಾ ನೀನು? ಮೊದ್ಲೇ ಹೇಳೋದಲ್ವೇನಮ್ಮ! ನಮ್ಮೂರೋರ ಬಚ್ಚಲಿಗೆ ಹೋಲಿಸಿದ್ರೆ ನಂದೇನೂ ಅಭ್ಯಂತರ ಇಲ್ಲ. ಆದ್ರೂ ಒಂದ್ಸಲ ನೋಡ್ಬಿಡ್ತೀನಿ.”

ಒಳಗೆ ಹೋದವರು ಹೊರಗೆ ಬರಲಿಲ್ಲ. ಮೊದಲು ಕೆಮ್ಮಿದ ಸದ್ದು. ಆಮೇಲೆ ಒಂದು ಸಣ್ಣ ಆಲಾಪ. ಆಮೇಲೆ ತುಸು ದೊಡ್ಡದು. ಎಂಜಿನಿಯರು ಹಾಡುತ್ತಿದ್ದರು! ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ಅವರು ಬಾಗಿಲು ತೆರೆದು, “ಇಷ್ಟ್ ಚೆನ್ನಾಗಿ ಹಾಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ರೀ,” ಎಂದರು. ಕಣ್ಣು ತೇವವಾಗಿತ್ತು, ಒಲೆಯ ಹೊಗೆಯೂ ಇತ್ತು.

ಆಮೇಲೆ ಸರದಿ. ಚಿಕ್ಕಬೋರಯ್ಯನವರು ಹಂಡೆಯನ್ನೇ ಆಸ್ಥಾನವೆಂದು ಭಾವಿಸಿ “ಯಾರಲ್ಲಿ” ಅಂದರು. ಮಾತು ಬಿಡಿಬಿಡಿಯಾಗಿ, ಗಂಭೀರವಾಗಿ ಬಂತು. ಬಸವಲಿಂಗಮ್ಮನವರಿಗೆ ಕಲ್ಲು ಮಂಟಪ ಸಿಕ್ಕಿತು. ನಯಾಜ್ ಚಪ್ಪಾಳೆ ಹೊಡೆದುಕೊಂಡು ಹಾಡತೊಡಗಿದರು, ಪಟಾಕಿಯೇ. ಊರಿನಲ್ಲಿ ಒಬ್ಬೊಬ್ಬರ ಕಿವಿಯೂ ಒಂದೊಂದು ಬಗೆಯಾದರೂ, ಬಚ್ಚಲಿನೊಳಗೆ ಎಲ್ಲರಿಗೂ ಕೇಳುವುದು ತಮ್ಮ ದನಿಯೇ. ಅದು ಯಾರಿಗೆ ತಾನೆ ಇಷ್ಟವಾಗುವುದಿಲ್ಲ? ಹೊರಗೆ ಪುಟ್ಟತಾಯಮ್ಮ ಕಾಂಪೌಂಡು ಹಿಡಿದುಕೊಂಡು, “ಒಬ್ರಿಗ್ ಬಂದಿದ್ದು ಎಲ್ರಿಗೂ ಅಂಟ್ಕೊಂತಲ್ಲಪ್ಪ” ಎಂದು ಮರುಗುತ್ತಿದ್ದಳು. ಚಿಕ್ಕಮ್ಮ ಎಲ್ಲರಿಗೂ ಕಾಫಿ ಕೊಟ್ಟರು. ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿದು ಮುಗಿಸಿದ ಏಕೈಕ ಸರ್ಕಾರಿ ತಪಾಸಣೆ ಅದೇ ಇರಬೇಕು.

ಭವನವನ್ನು ಬಚ್ಚಲಿನ ಮಟ್ಟಕ್ಕೆ ತರಬೇಕೆಂದು ಅಲ್ಲೇ ಸರ್ವಾನುಮತದ ತೀರ್ಮಾನವಾಯಿತು. ಬಚ್ಚಲಿನ ಗುಟ್ಟಿರುವುದು ಹಂಡೆಯಲ್ಲಿ ಎಂದು ಬಸವಲಿಂಗಮ್ಮ ಹೇಳಿದರು. ಅಳತೆಗೆ ಬೇಕಾದ ನಮ್ಮದೊಂದನ್ನು ಬಿಟ್ಟು ಬೀದಿಯ ಮನೆಮನೆಯ ತಾಮ್ರದ ಹಂಡೆಗಳು ಮೆರವಣಿಗೆಯಲ್ಲಿ ಹೋಗಿ ವೇದಿಕೆಯ ಹಿಂದಿನ ಪರದೆಯ ಮರೆಯಲ್ಲಿ ಸಾಲಾಗಿ ಕೂತವು. ಉದ್ಘಾಟನೆ ಮುಗಿಯುವವರೆಗೆ ಮಿಕ್ಕ ಬೀದಿಯೆಲ್ಲ ತಣ್ಣೀರು ಸ್ನಾನ ಮಾಡಿತು. ಹಾಸಿಗೆಗಳನ್ನು ಈ ಸಲ ಎದುರು ಗೋಡೆಗೆ ಮಾತ್ರ ಕಟ್ಟುವುದೆಂದಾಯಿತು. ಒಂದು ಹಾಸಿಗೆ ಏರಿಸುವುದು, ಚಪ್ಪಾಳೆ ಹೊಡೆಯುವುದು, ಮನೆಗೆ ಓಡಿ ಬಚ್ಚಲಲ್ಲಿ ಚಪ್ಪಾಳೆ ಹೊಡೆಯುವುದು, ಆ ಸದ್ದು ಮರೆಯುವ ಮೊದಲೇ ಭವನಕ್ಕೆ ವಾಪಸ್ ಓಡುವುದು. ಚಿಕ್ಕಪ್ಪ ಆ ದಿನಗಳಲ್ಲಿ ಎಷ್ಟು ಸೊರಗಿದರೆಂದರೆ ಅಂಚೆ ಮುದ್ರೆ ಕೂಡ ಮಸುಕಾಗಿ ಬೀಳುತ್ತಿತ್ತು.

ಈಗ ಆ ಭವನಕ್ಕೆ ಬಣ್ಣದ ದೀಪಗಳ ಸೂರು ಬಂದಿದೆ. ಬೀರುವಿನಂಥ ದೊಡ್ಡ ಸ್ಪೀಕರುಗಳು ಬಂದಿವೆ. ಪಕ್ಕದಲ್ಲಿ ಕೂತವರ ಮಾತು ಕೇಳಬೇಕಾದರೆ ಮೊಬೈಲಿನಲ್ಲಿ ಮೆಸೇಜು ಕಳಿಸಬೇಕು. ಒಂದು ಊರಿನ ಜನ ಹೀಗೆ ಒಂದು ಹಾಲ್‌ನಲ್ಲಿ ನಿಂತು, ಉಸಿರು ಬಿಗಿಹಿಡಿದು, ಒಂದು ಚಪ್ಪಾಳೆ ಎಲ್ಲಿ ಹೋಯಿತೆಂದು ಕಿವಿಗೊಟ್ಟು ಕೇಳಿದ್ದರೆಂದರೆ ನನ್ನ ಮಕ್ಕಳು ನಂಬುವುದಿಲ್ಲ.

ಚಿಕ್ಕಪ್ಪನ ಆ ಓಡಾಟದ ಕೊನೆಗೆ ಒಂದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿನಲ್ಲಿ, ನಾನು ಚಿಕ್ಕಮ್ಮನನ್ನು ಭವನಕ್ಕೆ ಕರೆದುಕೊಂಡು ಹೋದೆ. ಅವರು ಖಾಲಿ ಕುರ್ಚಿಗಳನ್ನು ಅನುಮಾನದಿಂದ ನೋಡಿ, ಸೆರಗು ಹೊದ್ದು, ಒಂದು ಸಾಲು ಹಾಡಿದರು. ದನಿ ಮೆಲ್ಲಗೆ ಎದ್ದು, ಹಾಲ್‌ನ ತುಂಬ ಒಂದು ಸುತ್ತು ಹಾಕಿ, ಅವರ ಹತ್ತಿರವೇ ಬಂದು ನಿಂತಿತು.

“ಥೇಟ್ ಬಚ್ಚಲೇ ಕಣೇ,” ಎಂದರು. “ಹಾಡ್ತೀನಿ ಅಂತ ಹೇಳ್ಬಿಡು ಅವ್ರಿಗೆ.”

ಚಿಕ್ಕಪ್ಪನಿಗೆ ಹೇಳಿದಾಗ ಅವರು ಮುಖ ತಿರುಗಿಸಿಕೊಂಡು ಬಹಳ ಹೊತ್ತು ಕನ್ನಡಕ ಒರೆಸಿದರು.

ಉದ್ಘಾಟನೆ ಧನುರ್ಮಾಸದ ಚಳಿಯಲ್ಲಿ ಬಂತು. ಗುಬ್ಬಿ ಪೂರ್ತಿ ಬಂತು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಬಂದರು. ಕುಣಿಗಲ್ಲಿನಿಂದ ಚಿಕ್ಕಮ್ಮನ ತವರಿನವರು ವ್ಯಾನು ಮಾಡಿಕೊಂಡು ಬಂದರು. ಎಲ್ಲರೂ ಶಾಲು, ಸ್ವೆಟರು, ಮಫ್ಲರು, ಕಂಬಳಿ. ಮಕ್ಕಳಿಗೆ ಎರಡೆರಡು ಟೋಪಿ. ಕುರ್ಚಿ ತುಂಬಿ, ಓಡಾಡುವ ಜಾಗ ತುಂಬಿ, ಕಿಟಕಿಗಳಲ್ಲೂ ಜನ. ಮೊದಲ ಸಾಲಿನಲ್ಲಿ ಚಿಕ್ಕಪ್ಪ, ಪಕ್ಕದಲ್ಲಿ ನಾನು. ವೇದಿಕೆಯ ಮೇಲೆ ಮಂತ್ರಿಗಳು.

ಚಿಕ್ಕಮ್ಮ ಮೈಕಿನ ಮುಂದೆ ನಿಂತು ಹಾಡು ಎತ್ತಿಕೊಂಡರು. ಮೊದಲ ಸಾಲಿನಲ್ಲೇ ನನಗೆ ಗೊತ್ತಾಯಿತು. ದನಿ ಹೊರಟಿತು, ಆದರೆ ಮರಳಿ ಬರಲಿಲ್ಲ. ಅಷ್ಟು ಶಾಲು, ಅಷ್ಟು ಕಂಬಳಿ, ಎಲ್ಲವೂ ಅದನ್ನು ಅಲ್ಲಲ್ಲೇ ಕುಡಿದುಬಿಟ್ಟವು. ಹಿಂದಿನಿಂದ ನಯಾಜ್ ಬಗ್ಗಿ ಪಿಸುಗುಟ್ಟಿದರು. “ಸಾರ್, ಒಬ್ಬೊಬ್ಬ ಮನುಷ್ಯನೂ ಒಂದೊಂದು ಹಾಸಿಗೆ ಆಗ್ಬಿಟ್ಟವ್ನೆ!”

ಚಿಕ್ಕಪ್ಪನ ಕಣ್ಣು ಸೂರಿಗೆ ಹೋಯಿತು, ಗೋಡೆಗೆ ಹೋಯಿತು, ಮತ್ತೆ ಸೂರಿಗೆ. ಅವರ ಮುಖ ನೋಡಿದ ಚಿಕ್ಕಮ್ಮ ಎರಡನೆಯ ಸಾಲಿಗೆ ಬರುವ ಮೊದಲೇ ನಿಂತುಬಿಟ್ಟರು. ಮಂತ್ರಿಗಳು ಹಾಡು ಮುಗಿಯಿತೆಂದು ತಿಳಿದು ಎದ್ದು, ಮುಗಿದಿಲ್ಲವೆಂದು ತಿಳಿದು ಕೂತರು.

ಚಿಕ್ಕಪ್ಪ ಎದ್ದು ಜನರತ್ತ ತಿರುಗಿ ಕೈಮುಗಿದರು. “ಮಹನೀಯರೇ, ಒಂದು ಸಣ್ಣ ತಾಂತ್ರಿಕ ತೊಂದರೆ. ದಯವಿಟ್ಟು ಅರ್ಧ ಜನ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ಎಲ್ರೂ ಸ್ವೆಟರ್ ಬಿಚ್ಬೇಕು.”

ಗದ್ದಲವೆದ್ದಿತು. “ಯಾವನ್ಲಾ ಅವ್ನು ಸ್ವೆಟರ್ ಬಿಚ್ಚು ಅನ್ನೋನು?” “ನಾವ್ ಹೋಗಾಕಿಲ್ಲ, ಮೊದ್ಲು ಬಂದವ್ರು ನಾವು!” “ಮಂತ್ರಿಗಳ ಶಾಲು ಮೊದ್ಲು ತೆಗೆಸಯ್ಯ!” ಚಿಕ್ಕಬೋರಯ್ಯನವರು ಶಾಂತಿ ಶಾಂತಿ ಎಂದು ಗರ್ಜಿಸಿ ಗದ್ದಲವನ್ನು ಇಮ್ಮಡಿಗೊಳಿಸಿದರು. ಚಿಕ್ಕಮ್ಮ ವೇದಿಕೆಯ ಮೆಟ್ಟಿಲಿನ ಕಡೆ ನೋಡುತ್ತಿದ್ದರು. ಇಳಿದರೆ ನೇರ ಕುಣಿಗಲ್ ವ್ಯಾನು.

ಅವರು ಇಳಿಯಲಿಲ್ಲ. ಮೈಕಿನ ಹತ್ತಿರ ಬಂದರು.

“ರೀ,” ಎಂದರು.

ಮನೆಯಲ್ಲಿ ಕರೆಯುತ್ತಿದ್ದ ಅದೇ ರೀ. ಇಡೀ ಹಾಲ್ ಗಪ್‌ಚಿಪ್ಪಾಯಿತು. ಎಷ್ಟೋ ಗಂಡಸರು ತಮ್ಮನ್ನೇ ಕರೆದರೆಂದು ಬೆನ್ನು ನೆಟ್ಟಗೆ ಮಾಡಿದರು.

“ನೀವು ಎದುರಿಗ್ ನಿಂತು ಹಿಂಗೆ ಸೂರು ಎಣಿಸ್ತಾ ಇದ್ರೆ ನಾನ್ ಹೆಂಗ್ರೀ ಹಾಡ್ಲಿ? ಬೇರೆ ಯಾರೂ ಹೋಗೋದ್ ಬೇಡ. ನೀವೊಬ್ರೇ ಹೊರಗೆ ಹೋಗಿ.”

ಮೊದಲು ನಕ್ಕವರು ಮಂತ್ರಿಗಳು. ಆಮೇಲೆ ಕುಣಿಗಲ್ಲು, ಆಮೇಲೆ ಗುಬ್ಬಿ. ನಗು ಕಿಟಕಿಯಿಂದಾಚೆಗೂ ಹೋಯಿತು. ಚಿಕ್ಕಪ್ಪ ತಲೆತಗ್ಗಿಸಿ ಜನರ ಕಾಲುಗಳನ್ನು ದಾಟಿಕೊಂಡು ಹೊರಗೆ ನಡೆದರು. ಚಿಕ್ಕಮ್ಮನಿಗೂ ನಗು ಬಂದು ಸೆರಗನ್ನು ಬಾಯಿಗೆ ಹಿಡಿದರು. ಸೆರಗು ತೆಗೆದಾಗ, ಆ ನಗು ಇನ್ನೂ ಆರದಿರುವಾಗಲೇ, ಹಾಡು ಮತ್ತೆ ಶುರುವಾಯಿತು. ಗುಂಯ್ ಅನ್ನಲಿಲ್ಲ, ಸುತ್ತು ಹಾಕಲಿಲ್ಲ. ಬರೀ ಅವರ ದನಿ, ಇದ್ದ ಹಾಗೆ. ಕಡಲೆಕಾಯಿ ಸುಲಿಯುತ್ತಿದ್ದವರ ಕೈಗಳು ನಿಂತವು.

ನನಗೆ ಚಿಕ್ಕಪ್ಪನ ಚಿಂತೆ. ಮೆಲ್ಲಗೆ ಎದ್ದು ಹೊರಗೆ ಬಂದು ಹುಡುಕಿದೆ. ಅವರು ಭವನದ ಹಿಂದೆ, ವೇದಿಕೆಯ ಕಡೆಯ ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದರು. ಬೆರಳು ಗೋಡೆಯ ಮೇಲೆ ತಾಳ ಹಾಕುತ್ತಿತ್ತು.

“ಒಳಗ್ ಬನ್ನಿ ಚಿಕ್ಕಪ್ಪ. ಈಗ ಏನೂ ಅನ್ನಲ್ಲ.”

“ಬೇಡ ಕಣೇ,” ಎಂದರು ಕಣ್ಣು ತೆರೆಯದೆ. “ಮದುವೆ ಆದಾಗ್ನಿಂದ ಗೋಡೆ ಈಚೆಯಿಂದ್ಲೇ ಕೇಳಿರೋದು. ಎದುರಿಗೆ ಕೂತ್ರೆ ಅವಳದ್ದೇ ದನಿ ಅಂತ ನಂಗ್ ಗುರ್ತೇ ಸಿಗಲ್ಲ.”

ಹಾಡು ಮುಗಿಯಿತು. ಒಳಗೆ ಚಪ್ಪಾಳೆ ಎದ್ದು, ನಿಲ್ಲುವ ಲಕ್ಷಣ ಕಾಣಲಿಲ್ಲ. ಚಿಕ್ಕಪ್ಪ ಒಮ್ಮೆಲೇ ಉಸ್ತುವಾರಿಯಾದರು. “ಕೊನೇ ಸಾಲಿಗೆ ಕೇಳಿಸ್ತಂತಾ?”

“ಕೇಳಿಸ್ತು ಚಿಕ್ಕಪ್ಪ. ನಿಮ್ಮನ್ನ ಹೊರಗೆ ಕಳಿಸಿದ್ದು ಬೀದೀವರೆಗೂ ಕೇಳಿಸ್ತು.”

“ಒಂದೊಂದು ಮಾತೂ ಬಿಡಿಬಿಡಿಯಾಗಿ?”

“ಒಂದೊಂದು ಮಾತೂ.”

ಅವರು ಗಂಭೀರವಾಗಿ ತಲೆಯಾಡಿಸಿದರು. “ಹಂಗಾದ್ರೆ ಹಾಲ್ ಪಾಸು,” ಎಂದರು.

ಒಳಗೆ ಜನ ಇನ್ನೊಂದು, ಇನ್ನೊಂದು ಎಂದು ಕೂಗುತ್ತಿದ್ದರು. ಚಿಕ್ಕಮ್ಮ ಎರಡನೆಯ ಹಾಡು ಎತ್ತಿಕೊಂಡರು. ಚಿಕ್ಕಪ್ಪ ತಿರುಗಿ ನಿಂತು, ಇನ್ನೊಂದು ಕಿವಿಯನ್ನು ಗೋಡೆಗೆ ಇಟ್ಟರು.